ಖಾಲಾ, ಇದು ನಿಮಗೆ ಎಲ್ಲಿಂದ ಬಂತು?

2021ರ ಮೇ 4ರಂದು ಜಯನಗರದ ಬಿಬಿಎಂಪಿ ಕೋವಿಡ್ ವಾರ್ ರೂಮಿನಲ್ಲಿ ಸಂಸದ ತೇಜಸ್ವಿ ಸೂರ್ಯ ಅವರು ಹೆಸರುಗಳನ್ನು ಓದಿದ್ದು ನಿಮಗೆ ನೆನಪಿರಬಹುದು. ಆಸ್ಪತ್ರೆಯ ಹಾಸಿಗೆ ಹಂಚಿಕೆಯಲ್ಲಿ ಅಕ್ರಮ ನಡೆದಿದೆ ಎಂಬುದು ಆರೋಪ. ಅಲ್ಲಿ ಕೆಲಸಕ್ಕಿದ್ದವರು 205 ಮಂದಿ, ಓದಿದ್ದು 17 ಮುಸ್ಲಿಮರ ಹೆಸರು. ಆ ಪಟ್ಟಿ 'ಭಯೋತ್ಪಾದಕರು' ಎಂಬ ತಲೆಬರಹ ಹೊತ್ತು ವಾಟ್ಸಾಪ್‌ನಲ್ಲಿ ಹರಿದಾಡಿತು. ಪೊಲೀಸರು ವಿಚಾರಿಸಿದಾಗ ಅವರ ವಿರುದ್ಧ ಏನೂ ಸಿಗಲಿಲ್ಲ. ಅದಕ್ಕೆ ಹಿಂದಿನ ವರ್ಷ, ಬೊಹ್ರಾ ಸಮುದಾಯದವರು ಅನ್ನ ಹಾಳಾಗದಂತೆ ತಟ್ಟೆ ನೆಕ್ಕುವ ಹಳೆಯ ವಿಡಿಯೋವನ್ನು 'ಕೊರೊನಾ ಹರಡುತ್ತಿದ್ದಾರೆ' ಎಂದು ಹಂಚಿದ್ದರು.

ಇವು ಸುಳ್ಳೆಂದು ನಮಗೆ ಯಾರೂ ಕಲಿಸಬೇಕಾಗಲಿಲ್ಲ. ನಮ್ಮ ವಿರುದ್ಧದ ಸುದ್ದಿ ಬಂದರೆ ನಾವೆಲ್ಲ ವಕೀಲರೇ: ಯಾವಾಗಿನದು, ಯಾರು ತೆಗೆದದ್ದು, ಮುಂದಿನ ಭಾಗ ಎಲ್ಲಿ? ನಮ್ಮವರೇ ಕಳಿಸಿದ ಸುದ್ದಿಗೆ ಮಾತ್ರ ಈ ಪ್ರಶ್ನೆಗಳಿಲ್ಲ. ನನ್ನ ತಕರಾರು ಅದೇ.

2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಶುರುವಾಗುವ ಮೊದಲೇ 'ಅದರಲ್ಲಿ ಹಂದಿಯ ಜೆಲಾಟಿನ್ ಇದೆ', 'ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ' ಎಂಬ ಮಾತುಗಳು ಬಂದಿದ್ದವು. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡರಲ್ಲೂ ಏನೇನಿದೆ ಎಂಬ ಪಟ್ಟಿಯನ್ನು ಕಂಪನಿಗಳು ಪ್ರಕಟಿಸಿವೆ. ಯಾವುದರಲ್ಲೂ ಜೆಲಾಟಿನ್ ಇಲ್ಲ. ಆದರೆ ಕಳಿಸಿದ್ದು ಖಾಲಾ, ಇಲ್ಲವೇ ಮೊಹಲ್ಲಾದ ಹಿರಿಯರು. ಅವರನ್ನು ಮೂಲ ಕೇಳುವುದು ಬೇಅದಬಿ ಎಂಬ ಸಂಕೋಚ. ಸುದ್ದಿ ಬಂದರೆ ಮೊದಲು ವಿಚಾರಿಸಿ ಎಂದು ಸೂರಃ ಹುಜುರಾತ್ ಓದುವ ನಮಗೆ ಈ ಸಂಕೋಚ ಎಲ್ಲಿಂದ ಬಂತೋ!

ಚಾಮರಾಜಪೇಟೆ ಕ್ಷೇತ್ರದ ಪಾದರಾಯನಪುರವನ್ನೇ ನೋಡಿ. 2020ರ ಏಪ್ರಿಲ್ 19ರ ರಾತ್ರಿ ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಸಿಬ್ಬಂದಿ ಬಂದಾಗ ಗಲಾಟೆಯಾಯಿತು, ಬ್ಯಾರಿಕೇಡ್‌ಗಳು ಮುರಿದವು, 50ಕ್ಕೂ ಹೆಚ್ಚು ಜನ ಬಂಧಿತರಾದರು. ಅವರನ್ನು ಇಟ್ಟ ರಾಮನಗರದ ಜೈಲಿನಲ್ಲಿ ಕೆಲವರಿಗೆ ಸೋಂಕು ಪತ್ತೆಯಾಯಿತು. ಟಿವಿಯವರು ಇದನ್ನು ಹೇಗೆ ತೋರಿಸಿದರು ಎಂದು ನಾವು ಬಹಳ ಮಾತಾಡಿದ್ದೇವೆ, ಮಾತಾಡಬೇಕಾದದ್ದೇ. ಆದರೆ ಎಲ್ಲಿಗೆ, ಎಷ್ಟು ದಿನಕ್ಕೆ, ಏಕೆ ಕರೆದೊಯ್ಯುತ್ತಾರೆ ಎಂಬುದು ಆ ಗಲ್ಲಿಯ ಎಷ್ಟು ಮನೆಗಳಿಗೆ ಮೊದಲೇ ತಿಳಿದಿತ್ತು? ಅದನ್ನು ತಿಳಿಸುವುದು ಸರ್ಕಾರದ ಕೆಲಸ, ನಿಜ. ಮನೆಮನೆಯ ವಾಟ್ಸಾಪ್ ಗ್ರೂಪುಗಳಲ್ಲಿ ಇಡೀ ದಿನ ಮಾತಾಡುತ್ತಿದ್ದ ನಮ್ಮ ಕೆಲಸವೂ ಆಗಿತ್ತು.

ಮುಂದಿನ ಸಲ ಹೆಸರಿಲ್ಲದ ವಾಯ್ಸ್ ಮೆಸೇಜ್ ಬಂದರೆ, ಅದರ ಮೇಲೆ ಎರಡು ಬಾಣದ ಗುರುತಿದ್ದರೆ, ಅದು ಹಲವು ಕೈ ದಾಟಿ ಬಂದದ್ದು. ಮುಂದಕ್ಕೆ ಕಳಿಸದೆ, ಕಳಿಸಿದವರಿಗೇ ಫೋನ್ ಮಾಡಿ, ಗ್ರೂಪಿನಲ್ಲಿ ಅವರ ಮರ್ಯಾದೆ ತೆಗೆಯದೆ ಕೇಳಿ: "ಖಾಲಾ, ಇದು ನಿಮಗೆ ಎಲ್ಲಿಂದ ಬಂತು?" ಔಷಧ, ಲಸಿಕೆಯ ಮಾತಾದರೆ ಇಬ್ಬರೂ ಸೇರಿ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ.