ಸಾಂಟಿಯಾಗೊಗೆ ದಾರಿ ಹತ್ತಾರು, ರಜೆ ಮಾತ್ರ ಹತ್ತೇ

ಶಿವರಾತ್ರಿಗೆ ಧರ್ಮಸ್ಥಳಕ್ಕೆ, ಸೆಪ್ಟೆಂಬರ್ ಹಬ್ಬಕ್ಕೆ ವೇಳಾಂಕಣಿಗೆ ನಡೆದು ಹೋಗುವವರನ್ನು ನಾವೆಲ್ಲ ಹೆದ್ದಾರಿಯಲ್ಲಿ ನೋಡಿರ್ತೀವಿ. ಯೂರೋಪಿನಲ್ಲಿ ಅಂಥದ್ದೇ ದೊಡ್ಡ ಪಾದಯಾತ್ರೆ ಅಂದ್ರೆ ಕಮೀನೊ. ಸ್ಪೇನಿನ ಸಾಂಟಿಯಾಗೊ ದೆ ಕಾಂಪೊಸ್ಟೆಲಾದಲ್ಲಿ ಯೇಸುವಿನ ಶಿಷ್ಯ ಸಂತ ಯಾಕೋಬರ ಸಮಾಧಿ ಇದೆ ಅನ್ನೋದು ನಂಬಿಕೆ. 2024ರಲ್ಲಿ ಸುಮಾರು 5 ಲಕ್ಷ ಜನ ಯಾತ್ರೆ ಮುಗಿಸಿ ಪ್ರಮಾಣಪತ್ರ ತಗೊಂಡರು. ಆದರೆ ಯಾವ ದಾರೀಲಿ ಹೋಗೋದು?

ನನ್ನ ಟೀಮಿನ ಮಂಗಳೂರಿನ ಗೆಳತಿಗೆ ಈಗ ಇದೇ ಚಿಂತೆ. ಅವಳ ಅಮ್ಮ ಹೋದ ವರ್ಷ ತೀರಿಕೊಂಡರು. ಅಮ್ಮನ ಹೆಸರಲ್ಲಿ ಒಮ್ಮೆ ನಡೀಬೇಕು ಅಂತ ಅಪ್ಪನ ಆಸೆ. ಅವರಿಗೆ 64, ಮಂಡಿ ಆಗಾಗ ಹಿಡ್ಕೊಳ್ಳತ್ತೆ. ಇವಳಿಗೆ ಸಿಕ್ಕಿರೋದು 10 ದಿನ ರಜೆ. ವೀಕೆಂಡ್ ಸೇರಿಸಿ, ಪ್ರಯಾಣದ ದಿನ ಕಳೆದರೆ 12 ದಿನ ಉಳೀತು. "ಫ್ರೆಂಚ್ ದಾರೀನೇ ಅಸಲಿ ಅಲ್ವಾ? ಅಲ್ಲೇ ಹೋಗ್ಬೇಕು" ಅನ್ನೋದು ಅವಳ ಹಟ.

ಫ್ರೆಂಚ್ ದಾರಿಯ ಹೆಸರು ದೊಡ್ಡದು, ನಿಜ. ಫ್ರಾನ್ಸಿನ ಗಡಿ ಊರು ಸಾಂ-ಜಾಂ-ಪಿಯೆ-ದ-ಪೋರ್‌ನಿಂದ ಸುಮಾರು 780 ಕಿ.ಮೀ., 30ರಿಂದ 35 ದಿನ. ಮೊದಲ ದಿನವೇ ಪಿರನೀಸ್ ಬೆಟ್ಟ, 1,200 ಮೀಟರಿಗೂ ಹೆಚ್ಚು ಏರು. ಮಂಡಿ ನೋವಿದ್ದವರಿಗೆ ಏರಿಗಿಂತ ಆಮೇಲಿನ ಇಳಿಜಾರೇ ಕಷ್ಟ. ರಜೆ ಕಮ್ಮಿ ಇದ್ದವರು ಸಾರಿಯಾದಲ್ಲಿ ಸೇರಿಕೊಳ್ತಾರೆ. ಅಲ್ಲಿಂದ ಸುಮಾರು 115 ಕಿ.ಮೀ. ಅಷ್ಟೇ, ಆದರೆ ಜನಜಂಗುಳಿಯೂ ಅಲ್ಲೇ.

ಬೇರೆ ದಾರಿಗಳು? ಒವಿಯೆದೊದಿಂದ ಹೊರಡುವ ಪ್ರಿಮಿತಿವೊ ಸುಮಾರು 320 ಕಿ.ಮೀ., ಬರೀ ಬೆಟ್ಟ. 9ನೇ ಶತಮಾನದ ರಾಜ ಎರಡನೇ ಅಲ್ಫೊನ್ಸೊ ನಡೆದದ್ದು ಇಲ್ಲೇ ಅಂತಾರೆ. ಇಂಗ್ಲೆಂಡಿನಿಂದ ಹಡಗಲ್ಲಿ ಬಂದಿಳಿಯುತ್ತಿದ್ದವರ ಇಂಗ್ಲಿಷ್ ದಾರಿ ಫೆರೋಲ್‌ನಿಂದ ಸುಮಾರು 120 ಕಿ.ಮೀ. ಪೋರ್ಚುಗೀಸ್ ದಾರಿ ಪೋರ್ಟೊದಿಂದ ಸುಮಾರು 240 ಕಿ.ಮೀ., ಏರಿಳಿತ ಅಷ್ಟಿಲ್ಲ. ಅದೇ ದಾರಿಯಲ್ಲಿ ಸ್ಪೇನಿನ ಗಡಿ ಊರು ತುಯಿಯಿಂದ ಶುರು ಮಾಡಿದರೆ 120ರ ಒಳಗೆ. ರೋಮ್‌ಗೇ ಹೋಗ್ಬೇಕು ಅನ್ನೋರಿಗೆ ವಿಯಾ ಫ್ರಾಂಚಿಜೆನಾ ಇದೆ. ಕ್ಯಾಂಟರ್ಬರಿಯಿಂದ ಸುಮಾರು 2,000 ಕಿ.ಮೀ. ಹೋಗೋ ಹಳೇ ದಾರಿ ಅದು.

ಸಾಂಟಿಯಾಗೊದ ಪ್ರಮಾಣಪತ್ರಕ್ಕೆ ಕನಿಷ್ಠ 100 ಕಿ.ಮೀ. ನಡೆದು, ಯಾತ್ರಿಕರ ಪಾಸ್‌ಬುಕ್ಕಲ್ಲಿ ದಾರಿಯುದ್ದಕ್ಕೂ ಮುದ್ರೆ ಹಾಕಿಸಿಕೊಂಡಿರಬೇಕು. 780 ಕಿ.ಮೀ. ನಡೆದವರಿಗೂ ಅದೇ ಪತ್ರ.

ಇನ್ನು 'ಅಸಲಿ' ವಿಷಯ. ಹಿಂದಿನ ಕಾಲದ ಯಾತ್ರಿಕರು ಹೊರಡ್ತಿದ್ದದ್ದು ತಮ್ಮ ಮನೆ ಬಾಗಿಲಿಂದ. ಪ್ಯಾರಿಸ್‌ನವನಿಗೆ ಒಂದು ದಾರಿ, ಲಿಸ್ಬನ್‌ನವನಿಗೆ ಇನ್ನೊಂದು. ಇಂಥ ಊರಿಂದಲೇ ಹೊರಟರೆ ಅಸಲಿ ಅನ್ನೋ ಲೆಕ್ಕ ಆಗ ಇರಲಿಲ್ಲ.

ಅಪ್ಪನನ್ನು ಕೇಳಿದರೆ ಅವರ ಬೇಡಿಕೆ ಒಂದೇ. ಸಂಜೆ ಊರು ಸೇರಿದ ಮೇಲೆ ಬಲಿಪೂಜೆಗೆ ಹೋಗೋಕೆ ಸಮಯ ಇರಬೇಕು, ಕಾಲಲ್ಲಿ ಶಕ್ತಿಯೂ ಉಳಿದಿರಬೇಕು. ಅಲ್ಲಿಗೆ ತುಯಿ ಅಂತ ತೀರ್ಮಾನ ಆಯ್ತು. ದಿನಕ್ಕೆ 15 ಕಿ.ಮೀ. ಲೆಕ್ಕದಲ್ಲಿ 8 ದಿನ, ಮಧ್ಯೆ ಪೊಂತೆವೆದ್ರಾದಲ್ಲಿ ಒಂದು ದಿನ ವಿಶ್ರಾಂತಿ. ದೊಡ್ಡ ಬ್ಯಾಗನ್ನು ಮುಂದಿನ ಊರಿಗೆ ತಲುಪಿಸೋ ಸರ್ವಿಸ್ ಇದೆ, ಅಪ್ಪನ ಬೆನ್ನಿಗೆ ನೀರಿನ ಬಾಟಲಿ ಸಾಕು. 780 ಕಿ.ಮೀ. ಆಸೆ ಬಿಡೋಕೆ ಗೆಳತಿಗೆ ಎರಡು ದಿನ ಬೇಕಾಯ್ತು. ಆ ದಾರಿ ಎಲ್ಲೂ ಹೋಗಲ್ಲ. ಅಪ್ಪನ ಜೊತೆ ನಡೆಯೋ ವರ್ಷಗಳು ಹಾಗಲ್ಲ.

ನೀವೂ ಹೊರಡೋದಾದ್ರೆ ಎರಡು ಮಾತು. ಷೆಂಗೆನ್ ವೀಸಾ ಒಂದೇ ಸಾಕು, ಹೆಚ್ಚು ದಿನ ಇರೋ ದೇಶಕ್ಕೆ ಅರ್ಜಿ ಹಾಕಿ. 2027ರಲ್ಲಿ ಸಂತ ಯಾಕೋಬರ ಹಬ್ಬ, ಜುಲೈ 25, ಭಾನುವಾರ ಬರತ್ತೆ. ಅದು ಪವಿತ್ರ ವರ್ಷ, ಜನ ಇನ್ನೂ ಹೆಚ್ಚು.

ಟಿಕೆಟ್ ಬುಕ್ ಮಾಡೋ ಮುಂಚೆ ಒಂದು ಶನಿವಾರ, ಭಾನುವಾರ ಬ್ಯಾಗ್ ಹೊತ್ತು ದಿನಕ್ಕೆ 15 ಕಿ.ಮೀ. ನಡೆದು ನೋಡಿ. ಯಾವ ದಾರಿ ಅಂತ ಸೋಮವಾರ ಬೆಳಗ್ಗೆ ನಿಮ್ಮ ಮಂಡಿಯೇ ಹೇಳತ್ತೆ.