ಹೊಟ್ಟೆಯ ಕೊಬ್ಬು, ಯಕೃತ್ತಿನ ಕಷ್ಟ

“ನಾವು ಮದ್ಯ ಮುಟ್ಟಿದವರಲ್ಲ, ಮಾಂಸ ತಿಂದವರಲ್ಲ, ಆದರೂ ಯಕೃತ್ತಿನಲ್ಲಿ ಕೊಬ್ಬು ಸೇರಿದೆಯೆಂದು ವೈದ್ಯರು ಹೇಳುತ್ತಾರಲ್ಲ, ಇದು ಹೇಗೆ?” ಎಂದು ಅನೇಕ ಗೃಹಸ್ಥರು ಕೇಳುವುದುಂಟು. ಉತ್ತರವು ಬಹುಮಟ್ಟಿಗೆ ಸೊಂಟದ ಸುತ್ತಳತೆಯಲ್ಲಿದೆ.

ಕೊಬ್ಬೆಂದರೆ ದೇಹದ ಕಣಜ ಮಾತ್ರವೆಂದು ಬಹುಕಾಲ ಭಾವಿಸಲಾಗಿತ್ತು. 1994ರಲ್ಲಿ ಅಮೆರಿಕದ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಹಾಗೂ ಸಂಗಡಿಗರು ಲೆಪ್ಟಿನ್ ಹಾರ್ಮೋನಿನ ಜೀನನ್ನು ಗುರುತಿಸಿದ ಮೇಲೆ, ಕೊಬ್ಬೂ ಹಾರ್ಮೋನುಗಳನ್ನು ಸ್ರವಿಸುತ್ತದೆಂಬುದು ಸ್ಪಷ್ಟವಾಯಿತು. ‘ಹಸಿವು ಸಾಕು’ ಎಂದು ಲೆಪ್ಟಿನ್ ಮಿದುಳಿಗೆ ತಿಳಿಸುತ್ತದೆ. ಬೊಜ್ಜು ಬೆಳೆದಂತೆ ರಕ್ತದಲ್ಲಿ ಅದು ಹೆಚ್ಚುತ್ತದೆ. ಆದರೆ ಮಿದುಳು ಅದಕ್ಕೆ ಕಿವಿಗೊಡುವುದಿಲ್ಲ.

ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಯಕೃತ್ತಿನ ಹಿತೈಷಿ. ಕೊಬ್ಬಿನ ದಹನಕ್ಕೂ ಇನ್ಸುಲಿನ್ನಿನ ಕಾರ್ಯಕ್ಕೂ ಅದು ನೆರವಾಗುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ. ವಿಚಿತ್ರವೆಂದರೆ, ಹೊಟ್ಟೆಯ ಕೊಬ್ಬು ಹೆಚ್ಚಿದಂತೆ ಇದು ಕಡಿಮೆಯಾಗುತ್ತದೆ. ಆಗ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ, ಶೇ. 5ನ್ನು ಮೀರಿದರೆ ಅದನ್ನು ಕೊಬ್ಬಿನ ಯಕೃತ್ತು ಎನ್ನುತ್ತಾರೆ. ಆರಂಭದಲ್ಲಿ ಸಾಮಾನ್ಯವಾಗಿ ನೋವಿರದು. ಆದರೆ ವರ್ಷಗಟ್ಟಲೆ ಅಲಕ್ಷಿಸಿದರೆ ಕೆಲವರಲ್ಲಿ ಅದು ಸಿರೋಸಿಸ್‌ಗೆ ತಿರುಗುತ್ತದೆ.

ಪರಿಹಾರ ನಮ್ಮ ಕೈಯಲ್ಲಿಯೇ ಇದೆ. ಸೊಂಟದ ಅಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರದಿರಲಿ. ಬೊಜ್ಜುಳ್ಳವರು ತೂಕದಲ್ಲಿ ಶೇ. 7ರಿಂದ 10ರಷ್ಟನ್ನು ನಿಧಾನವಾಗಿ ಇಳಿಸಿದರೆ ಯಕೃತ್ತಿನ ಕೊಬ್ಬೂ ಉರಿಯೂತವೂ ತಗ್ಗುತ್ತವೆ. 80 ಕಿಲೋ ತೂಗುವವರಿಗೆ ಇದು 6ರಿಂದ 8 ಕಿಲೋ ಮಾತ್ರ. ಸಿಹಿ, ಕರಿದ ತಿಂಡಿ ಹಬ್ಬಕ್ಕಿರಲಿ. ತಟ್ಟೆಯಲ್ಲಿ ಅನ್ನ ತಗ್ಗಿ ಕಾಳು-ಪಲ್ಯ ಹೆಚ್ಚಲಿ. ದಿನವೂ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಮಧುಮೇಹವುಳ್ಳವರು ವೈದ್ಯರಲ್ಲಿ ಯಕೃತ್ತಿನ ತಪಾಸಣೆಯನ್ನೂ ಕೇಳಿ ಮಾಡಿಸಿಕೊಳ್ಳುವುದು ಶ್ರೇಯಸ್ಕರ.