ಹೆಸರಿಲ್ಲದ ಕಾಫಿ

ಹಿಂದಿನ ಚಳಿಗಾಲದಲ್ಲಿ ಸುಲ್ತಾನ್ ಬತ್ತೇರಿಯ ನೆಂಟರ ಮನೆಗೆ ಹೊರಟಿದ್ದ ನಾವು ಬೆಳಗಿನ ಜಾವವೇ ಗುಂಡ್ಲುಪೇಟೆ ದಾಟಿ ಮದ್ದೂರು ಚೆಕ್‌ಪೋಸ್ಟ್ ಸೇರಿದೆವು. ಬಂಡೀಪುರ ಕಾಡಿನ ಈ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಗೇಟು ತೆರೆಯಲೆಂದು ಕಾದು ನಿಂತಿದ್ದಾಗ ಮುಂದಿನ ಕಾರಿನ ಯುವ ದಂಪತಿಗಳ ಪರಿಚಯವಾಯಿತು.

ಇಬ್ಬರೂ ರಜೆ ಹಾಕಿ ಹೊರಟವರು. ಮೊದಲೆರಡು ದಿನ ಬೆಂಗಳೂರಿನಲ್ಲಿ ಅಲ್ಲಲ್ಲೇ ತಯಾರಿಸಿ ಕೊಡುವ ಬಿಯರಿನ ರುಚಿ ನೋಡಿ, ಈಗ ವಯನಾಡಿನತ್ತ ಪಯಣ. ಯಾವ ಅಂಗಡಿಯಲ್ಲಿ ಗೋಧಿಯದು, ಎಲ್ಲಿ ಕಪ್ಪು ಬಣ್ಣದ್ದು, ಹದ ಹಾಕಿದವರು ಯಾರು, ಎಲ್ಲವೂ ಅವರ ನಾಲಗೆಯ ತುದಿಯಲ್ಲಿತ್ತು. "ಒಂದರಲ್ಲಿ ಕಾಫಿ ಹಾಕಿದ್ರು ಅಂಕಲ್, ತುಂಬ ಚೆನ್ನಾಗಿತ್ತು" ಎಂದಳು ಆ ಹುಡುಗಿ. "ಯಾವ ಊರಿನ ಕಾಫಿಯಮ್ಮ?" ಎಂದು ಕೇಳಿದೆವು. ಇಬ್ಬರೂ ಮುಖ ಮುಖ ನೋಡಿಕೊಂಡರು.

ಬೆಳೆಗಾರ ಬಾಂಧವರು ಇದನ್ನು ಯೋಚಿಸಬೇಕು. ಬಿಯರಿಗೆ ಬೇಕಾದ ಬಾರ್ಲಿ ಬೆಳೆಯುವುದು ಮುಖ್ಯವಾಗಿ ಉತ್ತರ ಭಾರತದಲ್ಲಿ. ಕಹಿ ಕೊಡುವ ಹಾಪ್ಸ್ ಹೂವು ಬಹುಪಾಲು ಹೊರದೇಶದ್ದು. ಆದರೂ 2010-11ರ ಸುಮಾರಿಗೆ ಟಾಯ್ಟ್, ಬಿಯೆರ್ ಕ್ಲಬ್ ಮೊದಲಾದವು ಬಂದ ಮೇಲೆ ಅದು 'ಬೆಂಗಳೂರಿನ ಬಿಯರ್' ಎಂದು ಹೆಸರಾಯಿತು. ನಮ್ಮದೇ ಮಣ್ಣಿನಲ್ಲಿ, ನಮ್ಮದೇ ನೆರಳಿನಲ್ಲಿ ಬೆಳೆದ ಕಾಫಿ ಮಾತ್ರ ಊರಿಲ್ಲದೆ, ಹೆಸರಿಲ್ಲದೆ ಲೋಟ ಸೇರುತ್ತಿದೆ.

ಹಿಂದೆ ಇದಕ್ಕೆ ಕಾರಣವಿತ್ತು. ಕಾಫಿ ಬೋರ್ಡಿನ ಪೂಲಿಗೆ ಸೇರಿದ ಮೇಲೆ ಯಾರ ತೋಟದ್ದೆಂಬ ಗುರುತು ಉಳಿಯುತ್ತಿರಲಿಲ್ಲ. 1996ರಲ್ಲಿ ಆ ಪದ್ಧತಿ ಮುಗಿಯಿತು. 2019ರಲ್ಲಿ ಕೊಡಗು ಮತ್ತು ಚಿಕ್ಕಮಗಳೂರಿನ ಅರೇಬಿಕಾಗೂ ವಯನಾಡಿನ ರೊಬಸ್ಟಾಗೂ ಭೌಗೋಳಿಕ ಗುರುತು ದೊರೆಯಿತು. ನಾವು ಮಾತ್ರ ಇಂದಿಗೂ ಹಣ್ಣು, ಕಾಯಿ ಒಟ್ಟಿಗೆ ಕೊಯ್ದು, ಚೆರಿ ಮಾಡಿ, ಮೂಟೆ ಕಟ್ಟಿ ವ್ಯಾಪಾರಿಯ ಲಾರಿಗೆ ಏರಿಸುತ್ತಿದ್ದೇವೆ.

ಒಬ್ಬನಿಂದ ಆಗದ್ದು ಸಂಘದಿಂದ ಆಗುತ್ತದೆ. ಅಡಿಕೆ ತೋಟದ ನಡುವೆ ಬೆಳೆದ ಕೋಕೋವನ್ನು ಕೈಗೆತ್ತಿಕೊಂಡ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಲಿಲ್ಲವೆ? ನಾವು ಅಷ್ಟು ದೊಡ್ಡದಕ್ಕೆ ಕೈ ಹಾಕಬೇಕಿಲ್ಲ. ಪ್ರತಿ ಸದಸ್ಯರೂ ಬರಿಯ ಹಣ್ಣನ್ನೇ ಆರಿಸಿ ಕೊಯ್ದ ಒಂದೆರಡು ಮೂಟೆ ಕಾಫಿಯನ್ನು ಬೇರೆಯಾಗಿ ಒಣಗಿಸಿ ಕೊಡಲಿ. ಸಂಘ ಅದನ್ನು ಹುರಿದು, ಪುಡಿ ಮಾಡಿ, ಊರು, ತಳಿ, ಕೊಯ್ಲಿನ ತಿಂಗಳನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಲಿ. ಪ್ರವಾಸಿಗಳು ಬರುವ ಚಳಿಗಾಲವೂ ನಮ್ಮ ಕೊಯ್ಲಿನ ಕಾಲವೂ ಒಂದೇ. ದಾರಿಬದಿಯಲ್ಲಿ ಒಂದು ಸಣ್ಣ ಮಳಿಗೆ ಸಾಕು.

ಆಳಿನ ಖರ್ಚು ಹೆಚ್ಚುವುದು ನಿಜ. ಆದ್ದರಿಂದಲೇ ಇಡೀ ಬೆಳೆಯನ್ನಲ್ಲ, ಒಂದೆರಡು ಮೂಟೆಯನ್ನು ಕೇಳುತ್ತಿದ್ದೇವೆ. ಬಿಯರ್ ಕುಡಿಯಿರೆಂಬುದೂ ನಮ್ಮ ಮಾತಲ್ಲ. ಮಾಡಿದವರ ಹೆಸರು ಹೇಳಿ ಮಾರುವ ಅವರ ಜಾಣತನವನ್ನು ಕಲಿಯೋಣ ಎಂದಷ್ಟೇ.

ಆರು ಗಂಟೆಗೆ ಗೇಟು ತೆರೆಯಿತು. "ನಿಮ್ಮ ಕಾಫಿಪುಡಿ ಎಲ್ಲಿ ಸಿಗುತ್ತೆ ಅಂಕಲ್?" ಎಂದು ಆ ಹುಡುಗ ಕಾರು ಹತ್ತುವಾಗ ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಆ ಉತ್ತರವನ್ನು ಕೊಡುವರೆಂದು ನಂಬಿದ್ದೇವೆ.